ಮರೂಲಾ ಕಾಲಕ್ಕೆ ಬರುವ ಮಂತ್ರಿ

ಮಂತ್ರಿ ತೊಯ್ನಿ ನೆಕೊಂಗೊ ಉತ್ತರ ನಮೀಬಿಯಾದ ಆ ಊರಿಗೆ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ಅದೂ ಮರೂಲಾ ಹಣ್ಣು ಉದುರಿ, ಮನೆಮನೆಯ ಮಡಕೆಯಲ್ಲಿ ಅದರ ರಸದ ಹೆಂಡ ಒಮಗೊಂಗೊ ಹುಳಿಯೇರುವ ಹೊತ್ತಿಗೆ ಸರಿಯಾಗಿ. ಇದಕ್ಕೆ ಊರಿನವರು ಹೇಳುತ್ತಿದ್ದ ಕಾರಣ ಒಂದೇ. ಒಮಗೊಂಗೊ ಕುಡಿಯುವ ಕಾಲದಲ್ಲಿ ಯಾರೂ ಯಾರ ಮೇಲೂ ದೂರು ಹೇಳುವಂತಿಲ್ಲ. ಮುಖಂಡನ ನ್ಯಾಯದ ಕಟ್ಟೆ ಖಾಲಿ ಹೊಡೆಯುತ್ತಿರುತ್ತದೆ. ಗಂಡಸರು ಕತ್ತಿ, ಬಿಲ್ಲು, ದೊಣ್ಣೆಗಳನ್ನೆಲ್ಲ ಒಳಗಿಟ್ಟು ಬರಿಗೈಯಲ್ಲಿ ಓಡಾಡುತ್ತಾರೆ. ಹಳೆಯ ಜಗಳ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡು, ಸೋರೆ ಬುರುಡೆ ಎತ್ತಿ ಕುಡಿಯಬೇಕು. ಕೊನೆಯ ಮಡಕೆ ಬರಿದಾದ ಮೇಲೆ ಬೇಕಾದರೆ ಒಬ್ಬರ ಮೇಲೊಬ್ಬರು ಬೀಳಬಹುದು. ತೊಯ್ನಿಯದು ನೀರಿನ ಖಾತೆ. ಊರಿನ ನಲ್ಲಿಯೋ ನೀರಿಗಿಂತ ಹೆಚ್ಚಾಗಿ ಗಾಳಿಯನ್ನೇ ಉಗುಳುತ್ತಿತ್ತು.

"ಎಂಥಾ ಚಾಲಾಕಿ ನೋಡ್ರೋ ನಮ್ ಮಂತ್ರಿ! ನಲ್ಲೀಲಿ ನೀರಿಲ್ಲ ಅಂತ ಬಾಯಿ ಬಿಡೋ ಹಾಗೂ ಇಲ್ಲ, ಬಂದೋಳಿಗೆ ಬುರುಡೆ ತುಂಬಾ ಹೊಯ್ದು ಕೊಡ್ಬೇಕು ಬೇರೆ," ಎಂದು ಮರದಡಿ ಕುಳಿತವರು ನಗುತ್ತಿದ್ದರು.

"ಇರ್ಲಿ ಬಿಡು, ನೀರಿನ ಮಂತ್ರಿ ಬಂದಾಗಲಾದ್ರೂ ಕುಡಿಯೋಕೆ ಏನೋ ಒಂದು ಸಿಗುತ್ತಲ್ಲ!"

ಅದೇ ಊರಿನ ಮುದುಕಿ ಹಿಲ್ಯಾಗೆ ಮಾತ್ರ ಈ ಕಾರಣ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳ ಸ್ವಭಾವವೇ ಹಾಗೆ. ದಾರಿಯಲ್ಲಿ ಹೋಗುವ ಮೇಕೆಯನ್ನೂ ನಿಲ್ಲಿಸಿ, ಯಾರ ಮನೆಯದು, ಎಲ್ಲಿಗೆ ಹೊರಟಿದೆ ಎಂದು ವಿಚಾರಿಸುವವಳು ಎಂದು ಊರೇ ಅವಳನ್ನು ಆಡಿಕೊಳ್ಳುತ್ತಿತ್ತು. ಪಾದ್ರಿ ನೋಹನ ನಾವೆಯ ಕಥೆ ಹೇಳಿದಾಗ, ಅಷ್ಟೊಂದು ಪ್ರಾಣಿಗಳ ಸಗಣಿ ಬಾಚುತ್ತಿದ್ದವರು ಯಾರು ಎಂದು ಎದ್ದು ನಿಂತು ಕೇಳಿದವಳು ಅವಳೇ. ಆದರೆ ಉಳಿದ ಪ್ರಶ್ನೆಗಳೆಲ್ಲ ಬಾಯಿಯ ಚಪಲ. ಸುಮಾರು ಮೂವತ್ತು ವರ್ಷದಿಂದ ಅವಳ ಎದೆಯನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ: ತೊಯ್ನಿಯ ಜೊತೆ ಗಡಿ ದಾಟಿ ಹೋದ ತನ್ನ ಮಗ ನತಂಗ್ವೆ ಬದುಕಿದ್ದಾನೋ, ಸತ್ತನೋ?

ಆಗ ತೊಯ್ನಿ ಮಂತ್ರಿಯೂ ಅಲ್ಲ, ಹೋರಾಟಗಾರ್ತಿಯೂ ಅಲ್ಲ. ಮಿಷನ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಎಳೆಯ ಹುಡುಗಿ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಇಡೀ ನಮೀಬಿಯಾವನ್ನು ತನ್ನ ಹಿತ್ತಲಿನ ಹಾಗೆ ಆಳುತ್ತಿದ್ದ ಕಾಲ ಅದು. ಉತ್ತರದ ಗಂಡಸರನ್ನು ಕರಾರಿನ ಮೇಲೆ ದೂರದ ಗಣಿಗಳಿಗೆ ಸಾಗಿಸುತ್ತಿದ್ದರು. ಹೆಂಡತಿ ಮಕ್ಕಳು ಜೊತೆ ಹೋಗುವಂತಿರಲಿಲ್ಲ. ತೊಯ್ನಿ ಒಂದು ದಿನ ಕರಿಹಲಗೆಯ ಮೇಲೆ ಲೆಕ್ಕ ಬರೆದಳು: ನಿನ್ನ ಅಪ್ಪ ವರ್ಷಕ್ಕೊಮ್ಮೆ ಕೆಲವೇ ವಾರ ಮನೆಗೆ ಬಂದರೆ, ನೀನು ದೊಡ್ಡವನಾಗುವಷ್ಟರಲ್ಲಿ ಅವನ ಮುಖವನ್ನು ಎಷ್ಟು ದಿನ ನೋಡಿರುತ್ತೀಯ? ಮಕ್ಕಳು ಉತ್ತರವನ್ನು ಮನೆಗೆ ತಂದು ಅಮ್ಮಂದಿರಿಗೆ ಹೇಳಿದರು. ಅಮ್ಮಂದಿರು ಒಲೆಯ ಮುಂದೆ ಕುಳಿತು ಅತ್ತರು. ಸುದ್ದಿ ಆಗಿನ ಮುಖಂಡನ ಕಿವಿಗೂ, ಅವನ ಬೆನ್ನಿಗಿದ್ದ ಬಿಳಿಯ ಅಧಿಕಾರಿಯ ಕಿವಿಗೂ ಬಿತ್ತು. ಒಂದು ಗಣಿತದ ಲೆಕ್ಕಕ್ಕೆ ಅವಳನ್ನು ಎಲ್ಲರೆದುರು ಬೋರಲು ಮಲಗಿಸಿ ತಾಳೆಗರಿಯ ದಿಂಡಿನಿಂದ ಹೊಡೆಸಿದರು.

ಹಿಲ್ಯಾ ಅವಳನ್ನು ತನ್ನ ಮನೆಗೆ ಕರೆತಂದು ಬೆನ್ನಿಗೆ ಮರೂಲಾ ಬೀಜದ ಎಣ್ಣೆ ಹಚ್ಚಿದಳು. ಹಚ್ಚುತ್ತಲೇ, ಎಷ್ಟು ಏಟು ಬಿತ್ತು, ಹೊಡೆದವನು ಯಾರ ಮಗ, ಹೊಡೆಯುವಾಗ ಅವನು ನಿನ್ನ ಮುಖ ನೋಡಿದನೋ ಇಲ್ಲವೋ ಎಂದೆಲ್ಲ ಕೇಳಿದಳು.

"ಮೆಮೆ, ನೀವು ಕೇಳೋದು ಆಮೇಲೆ ಕೇಳಿ. ಮೊದಲು ಎಣ್ಣೆ ಹಚ್ಚಿ," ಎಂದಳು ತೊಯ್ನಿ. ತಾಯಿಯನ್ನೂ ತಾಯಿಯ ವಯಸ್ಸಿನವರನ್ನೂ ಅಲ್ಲಿ ಮೆಮೆ ಎಂದೇ ಕರೆಯುವುದು. ಬಾಗಿಲಲ್ಲಿ ನಿಂತು ಅವಳ ಬೆನ್ನನ್ನು ನೋಡುತ್ತಿದ್ದ ನತಂಗ್ವೆಗೆ ಆಗ ಹದಿನೆಂಟು.

ಮುಂದಿನ ತಿಂಗಳು ಒಂದು ಭಾನುವಾರ ಅವರೆಲ್ಲ ಹೊರಟುಹೋದರು. ತೊಯ್ನಿ, ನತಂಗ್ವೆ, ಪಕ್ಕದ ಮನೆಯ ಔನೆಯ ಮಗಳು ನೆಲಾಗೊ, ಇನ್ನೂ ಕೆಲವು ಹುಡುಗ ಹುಡುಗಿಯರು. ಚರ್ಚು ಮುಗಿಸಿ, ಹಾಕಿಕೊಂಡ ಬಟ್ಟೆಯಲ್ಲೇ ಬಡಗಣ ದಿಕ್ಕಿಗೆ ತಿರುಗಿ ಅಂಗೋಲಾದ ಗಡಿಯ ಕಡೆ ನಡೆದರು. ನೆಲಾಗೊ ಹಾಡುವವರ ಸಾಲಿನ ಬಿಳಿ ಅಂಗಿಯಲ್ಲಿದ್ದಳು. ಊಟಕ್ಕೆ ಕಾಯುತ್ತಿದ್ದ ಎರಡು ಮನೆಯ ತಾಯಂದಿರು ಸಂಜೆಯಾದರೂ ಮುದ್ದೆಯ ಮಡಕೆಯ ಮುಚ್ಚಳ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ತೊಯ್ನಿಯ ಬದುಕು ಹಿಲ್ಯಾಗೆ ಸಿಕ್ಕಿದ್ದು ರೇಡಿಯೊದಲ್ಲಿ. ಗಡಿಯಾಚೆಯಿಂದ ಹೋರಾಟದವರು ನಡೆಸುತ್ತಿದ್ದ ಪ್ರಸಾರದಲ್ಲಿ ಒಂದು ದಿನ ಅವಳ ದನಿ ಬಂತು. ಹಿಲ್ಯಾ, ಔನೆ ಇಬ್ಬರೂ ಸಜ್ಜೆಯ ಕಣಜಕ್ಕೆ ತಲೆ ತೂರಿಸಿಕೊಂಡು ಕೇಳುತ್ತಿದ್ದರು. ಸೈನಿಕರ ಬಂಡಿಯ ಸದ್ದಾದರೆ ರೇಡಿಯೊ ಕಾಳಿನೊಳಗೆ ಮುಳುಗುತ್ತಿತ್ತು. ಆಗ ಇಬ್ಬರೂ ಗಂಭೀರವಾಗಿ ಹುಳ ಆರಿಸುವವರಂತೆ ಕಾಳು ಕೆದಕುತ್ತಿದ್ದರು. ತೊಯ್ನಿ ಜಾಂಬಿಯಾದ ಲೂಸಾಕಾದಲ್ಲಿ ಮಾತಾಡಿದಳು, ಯಾವುದೋ ಹಿಮದ ದೇಶದಲ್ಲಿ ಓದಿದಳು, ವಿಶ್ವಸಂಸ್ಥೆಯ ಮುಂದೆ ನಿಂತು ಬಿಳಿಯರ ಸರ್ಕಾರದ ಮಾನ ಹರಾಜು ಹಾಕಿದಳು. ಎಲ್ಲ ಕೇಳಿ ಹಿಲ್ಯಾಗೆ ಹೆಮ್ಮೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. "ಇಷ್ಟೆಲ್ಲ ಮಾತಾಡ್ತಾಳೆ, ನಮ್ಮ ಮಕ್ಕಳ ಹೆಸರು ಒಂದ್ಸಲ ಬಾಯಿಗೆ ಬರಬಾರ್ದಾ?" ಎನ್ನುತ್ತಿದ್ದಳು.

ಕೊನೆಗೆ ಹೊರಗೆ ಹೋದವರೆಲ್ಲ ಮರಳುವ ದಿನ ಬಂತು. ಹೋಗುವಾಗ ಗಣಿತದ ಟೀಚರಾಗಿದ್ದವಳು ಬಸ್ಸಿನಿಂದ ಇಳಿಯುವಾಗ ಜನ ಎದ್ದು ನಿಲ್ಲುವ ನಾಯಕಿಯಾಗಿದ್ದಳು. ಹಿಲ್ಯಾ ನೂಕುನುಗ್ಗಲಲ್ಲಿ ಮೊಣಕೈ ಬೀಸಿ ಮುಂದೆ ಹೋಗಿ ಅವಳ ಕೈ ಹಿಡಿದಳು. "ನನ್ನ ಮಗ ಎಲ್ಲಿ?"

"ಮೆಮೆ ಹಿಲ್ಯಾ, ಅದೊಂದನ್ನ ನನ್ನ ಕೇಳ್ಬೇಡಿ," ಎಂದಷ್ಟೇ ಹೇಳಿ ತೊಯ್ನಿ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಸತ್ತ ಎನ್ನಲಿಲ್ಲ, ಇದ್ದಾನೆ ಎನ್ನಲಿಲ್ಲ. ಔನೆಗೆ ಮಾತ್ರ ಉತ್ತರ ಸಿಕ್ಕಿತು. ದೇಶ ಸ್ವತಂತ್ರವಾದ ಮರುವರ್ಷ ತೊಯ್ನಿ ತಾನೇ ಬಂದು, ನೆಲಾಗೊ ಬಂದೂಕು ಹಿಡಿದು ಹೋರಾಡುತ್ತಾ ವೀರಮರಣ ಹೊಂದಿದಳೆಂದು ಮೈದಾನದಲ್ಲಿ ಎಲ್ಲರೆದುರು ಹೇಳಿದಳು. ಔನೆ ಅತ್ತಳು, ಅತ್ತು ಮುಗಿಸಿ ತಲೆಯೆತ್ತಿ ನಡೆದಳು. ನತಂಗ್ವೆಯ ಹೆಸರು ಸತ್ತವರಲ್ಲೂ ಇರಲಿಲ್ಲ, ಬಂದವರಲ್ಲೂ ಇರಲಿಲ್ಲ.

ತೊಯ್ನಿ ಮೊದಲು ಉಪಮಂತ್ರಿಯಾದಳು, ಆಮೇಲೆ ಮಂತ್ರಿ. ಕೊಳವೆ ಎಲ್ಲಿ ಒಡೆದಿದೆ ಎಂದು ನೋಡಲು ತಾನೇ ಚಪ್ಪಲಿ ಬಿಟ್ಟು ಕಾಲುವೆಗೆ ಇಳಿಯುತ್ತಾಳೆ, ಎಂಜಿನಿಯರುಗಳನ್ನು ಶಾಲೆಯ ಹುಡುಗರಂತೆ ಗದರುತ್ತಾಳೆ ಎಂದು ರಾಜಧಾನಿಯಿಂದ ಸುದ್ದಿ ಬರುತ್ತಿತ್ತು. ತನ್ನನ್ನು ಹೊಡೆಸಿದ ಮುದಿ ಮುಖಂಡನ ಪಕ್ಕದಲ್ಲೇ ಕುಳಿತು ಒಂದೇ ಬುರುಡೆಯಿಂದ ಒಮಗೊಂಗೊ ಕುಡಿದು, "ನನ್ನ ಹೊಡೆಸಿದ ಆ ದಿಂಡು ಇನ್ನೂ ಇದ್ಯಾ ತಾತೆ?" ಎಂದು ಮಗಳು ಅಪ್ಪನನ್ನು ಕೇಳುವ ಹಾಗೆ ಕೇಳಿ ಇಡೀ ಊರನ್ನು ನಗಿಸಿದ್ದಳು. ಅಂಥ ಗಟ್ಟಿಗಿತ್ತಿ ಹಿಲ್ಯಾಳ ಕಣ್ಣು ತಪ್ಪಿಸುತ್ತಿದ್ದಳು. ಆದರೂ ಪ್ರತಿ ವರ್ಷ ಅವಳ ಮನೆಗೆ ಬಾರದೆ ಹೋಗುತ್ತಿರಲಿಲ್ಲ. ಕೆಂಪು ಪಟ್ಟೆಯ ಊರಿನ ಉಡುಪು ತೊಟ್ಟು ಬಂದು, ಕುಡಿದು, ನಕ್ಕು, ಹೊರಡುವಾಗ ಕೇಳುವಳು: "ಮೆಮೆ, ನಿಮ್ಮ ಮರದ ಬೀಜದೆಣ್ಣೆ ಒಂದು ಬಾಟ್ಲಿ ಕೊಡಿ."

ಹಿಲ್ಯಾ ಕೊಡುತ್ತಿದ್ದಳು. ಮಗನ ಸುದ್ದಿ ಕೇಳಲು ಬಾಯಿ ತೆರೆದರೆ ಅಣ್ಣ ಫಿಲೆಮೊನ್ ಅಡ್ಡ ಬರುತ್ತಿದ್ದ. "ಒಮಗೊಂಗೊ ಕಾಲದಲ್ಲಿ ಹಳೇ ಮಾತು ಎತ್ತಬಾರ್ದು ಹಿಲ್ಯಾ. ಮನೆಗೆ ಒಳ್ಳೇದಲ್ಲ." ಅವನ ಮಾತೂ ಸುಳ್ಳಲ್ಲ. ತೊಯ್ನಿ ಬೇರೆ ಕಾಲದಲ್ಲಿ ಊರಿನ ಮಣ್ಣು ಮೆಟ್ಟುತ್ತಿರಲಿಲ್ಲವಾದ್ದರಿಂದ ಕೇಳುವ ಸಂದರ್ಭವೇ ಬರುತ್ತಿರಲಿಲ್ಲ.

ಕಳೆದ ವರ್ಷ ಫಿಲೆಮೊನ್ ಇನ್ನೊಂದು ಮಾತು ತೆಗೆದ. ಅವನೂ ತಾಯಿಯ ಕಡೆಯ ಹಿರಿಯರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು: ಮುಂದಿನ ಮರೂಲಾ ಕಾಲ ಮುಗಿಯುತ್ತಿದ್ದಂತೆ ನತಂಗ್ವೆಯ ಸಾವಿನ ಕಾರ್ಯ ಮಾಡಿ, ಅವನ ಪಾಲಿನ ದನಗಳನ್ನು ಮನೆಯವರಿಗೆ ಹಂಚುವುದು.

"ಹೆಣ ಇಲ್ದೆ ಕಾರ್ಯ ಮಾಡ್ತೀಯಾ ಅಣ್ಣ?" ಎಂದಳು ಹಿಲ್ಯಾ.

"ಮಗ ಇಲ್ದೆ ಎಷ್ಟು ದಿನ ಅಂತ ಕಾಯ್ತೀಯಾ? ನೀನೂ ಸಾಯೋಳೇ, ನಾನೂ ಸಾಯೋನೇ. ಅವನನ್ನ ಅತ್ತು ಕಳಿಸೋರು ಆಮೇಲೆ ಯಾರಿರ್ತಾರೆ?"

ಕೆಟ್ಟ ಮಾತಲ್ಲ ಅದು. ಅದಕ್ಕೇ ಹಿಲ್ಯಾಗೆ ಹೆಚ್ಚು ನೋವಾಯಿತು. ಒಮ್ಮೆ ಊರು ಅತ್ತು ಮುಗಿಸಿದರೆ ಅವನು ಸತ್ತಂತೆಯೇ ಲೆಕ್ಕ. ಆಮೇಲೆ ಅವನ ಬಗ್ಗೆ ಕೇಳುವ ಹಕ್ಕೂ ತಾಯಿಗೆ ಉಳಿಯುವುದಿಲ್ಲ.

ಅದೇ ವಾರ ತೊಯ್ನಿ ಊಟಕ್ಕೆ ಬಂದಳು. ಹಿಲ್ಯಾ ಕೋಳಿ ಬೇಯಿಸಿ, ಸಜ್ಜೆ ಮುದ್ದೆಯ ಪಕ್ಕದಲ್ಲಿಟ್ಟು, ಮೇಲೆ ಧಾರಾಳವಾಗಿ ಬೀಜದೆಣ್ಣೆ ಸುರಿದಳು. ತೊಯ್ನಿ ತಟ್ಟೆಯನ್ನು ಮೆಲ್ಲಗೆ ಸರಿಸಿದಳು. "ತಪ್ಪು ತಿಳ್ಕೋಬೇಡಿ ಮೆಮೆ. ನಂಗೆ ಎಣ್ಣೆ ಆಗಲ್ಲ. ಹೋರಾಟದವರ ಕ್ಯಾಂಪಿನಲ್ಲಿ ಕಾಮಾಲೆ ಆದಾಗಿಂದ ಒಂದು ತೊಟ್ಟು ತಿಂದ್ರೂ ಹೊಟ್ಟೆ ಹಿಂಡುತ್ತೆ." ಹಿಲ್ಯಾ ಎಣ್ಣೆಯಿಲ್ಲದ ತುಂಡು ಆರಿಸಿ ಹಾಕಿದಳು. ಹೊರಡುವಾಗ ತೊಯ್ನಿ ಎಂದಿನಂತೆ ಬಾಟ್ಲಿ ತೆಗೆದುಕೊಂಡು ಹೋದಳು.

ಕಾರು ಧೂಳೆಬ್ಬಿಸಿ ಮರೆಯಾಗುವವರೆಗೂ ಹಿಲ್ಯಾ ಕಂಬದ ಬೇಲಿಗೆ ಒರಗಿ ನಿಂತಿದ್ದಳು. ತಲೆಗೆ ಹುಳ ಹೊಕ್ಕಿತ್ತು. ಎಣ್ಣೆ ತಿನ್ನದವಳಿಗೆ ಎಣ್ಣೆ ಯಾಕೆ? ಮೈಗೆ ಹಚ್ಚಲಿಕ್ಕೋ? ಬೆನ್ನಿನ ಗಾಯ ಮಾಗಿ ಎಷ್ಟು ಕಾಲವಾಯಿತು. ರಾಜಧಾನಿಯಲ್ಲಿ ಮೈಗೆ ಹಚ್ಚಲು ಪರಿಮಳದ ಎಣ್ಣೆ ಬೇಕಾದಷ್ಟಿವೆ. ಯಾರಿಗಾದರೂ ಉಡುಗೊರೆ ಕೊಡಲಿಕ್ಕೋ? ಹಾಗಾದರೆ ಸಂತೆಯಲ್ಲಿ ಹತ್ತು ಜನ ಮಾರುತ್ತಾರೆ, ಇದೇ ಮನೆಯ, ಇದೇ ಮರದ ಎಣ್ಣೆಯೇ ಯಾಕಾಗಬೇಕು? ಸಜ್ಜೆ ಕುಟ್ಟುವಾಗಲೂ ಇದೇ ಯೋಚನೆ, ಚರ್ಚಿನಲ್ಲಿ ಕಣ್ಣು ಮುಚ್ಚಿದಾಗಲೂ ಇದೇ ಯೋಚನೆ. ಈ ಮರದ ಎಣ್ಣೆಯ ರುಚಿ ಗೊತ್ತಿರುವವರು, ಅದಕ್ಕಾಗಿ ಹಂಬಲಿಸುವವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರು? ಒಂದು ದಿನ ಒನಕೆ ಅವಳ ಕೈಯಲ್ಲೇ ನಿಂತಿತು. ಯಾರಿಗೂ ಹೇಳಲಿಲ್ಲ. ಉತ್ತರ ಸಿಕ್ಕಿತೆಂದು ಅನಿಸಿದ ಮೇಲೆ ಬಾಯಿ ಮುಚ್ಚಿಕೊಂಡದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು.

ಈ ವರ್ಷ ಮರೂಲಾ ಹಣ್ಣು ಉದುರಿತು. ನೆರೆಯ ಹೆಂಗಸರೆಲ್ಲ ಹಿಲ್ಯಾಳ ಅಂಗಳದಲ್ಲಿ ಸೇರಿ, ದನದ ಕೊಂಬಿನ ಮೊನೆಯಿಂದ ಸಿಪ್ಪೆ ಸೀಳಿ, ರಸ ಹಿಂಡಿ, ಮಡಕೆ ತುಂಬಿದರು. ರಸ ಹುಳಿಯೇರಿತು. ತೊಯ್ನಿ ಬಂದಳು, ಕುಡಿದಳು, ನಕ್ಕಳು. ಫಿಲೆಮೊನ್ ಹೊರಗಿನ ಅಂಗಳದಲ್ಲಿ ಕುಡಿದು ತೂಕಡಿಸುತ್ತಿದ್ದ. ಒಳಗೆ ಹೆಂಗಸರಿಬ್ಬರೇ.

"ಮೆಮೆ, ಒಂದು ಬಾಟ್ಲಿ ಎಣ್ಣೆ..."

"ಕೊಡಲ್ಲ," ಎಂದಳು ಹಿಲ್ಯಾ.

ತೊಯ್ನಿ ತಮಾಷೆಯೆಂದುಕೊಂಡಳು. "ಯಾಕೆ, ಮರ ಮುನಿಸ್ಕೊಂಡಿದ್ಯಾ?"

"ಎಣ್ಣೆ ಇದೆ. ಬೇಕಾದಷ್ಟಿದೆ. ಆದ್ರೆ ಕೊಡಲ್ಲ. ತಿನ್ನೋನು ಇಲ್ಲಿಗೆ ಬಂದು, ನನ್ನ ಕಣ್ಣೆದುರಿಗೆ ಕೂತು ತಿನ್ಲಿ."

ಸಂಸತ್ತಿನಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸುತ್ತಿದ್ದ ಮಂತ್ರಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಹಿಲ್ಯಾ ಅವಳ ಮುಂದೆ ಮೊಣಕಾಲೂರಿ ಕುಳಿತು, ಎರಡೂ ಕೈಯಿಂದ ಅವಳ ಮುಖ ತನ್ನ ಕಡೆಗೆ ತಿರುಗಿಸಿಕೊಂಡಳು.

"ನಾನು ದೂರು ಹೇಳ್ತಿಲ್ಲ ಮಗಳೇ. ಕಾಲ ಯಾವುದು ಅಂತ ನಂಗೂ ಗೊತ್ತು. ನನ್ನ ಮಗ ಬದುಕಿದ್ದಾನಲ್ವಾ?"

"ಇದ್ದಾನೆ," ಎಂದಳು ತೊಯ್ನಿ. ಹಾಗೆಂದವಳೇ ಬಿಕ್ಕಿಬಿಕ್ಕಿ ಅತ್ತಳು. ಹಿಲ್ಯಾ ಅಳಲಿಲ್ಲ. ನಗಬೇಕೋ, ಎದ್ದು ಕೂಗಬೇಕೋ, ಎದುರಿಗಿದ್ದವಳ ಕೆನ್ನೆಗೆ ಬಾರಿಸಬೇಕೋ ತಿಳಿಯದೆ ಅವಳ ಮುಖವನ್ನು ಹಾಗೆಯೇ ಹಿಡಿದುಕೊಂಡಿದ್ದಳು.

ತೊಯ್ನಿ ತಡೆತಡೆದು ಹೇಳಿದಳು. ಗಡಿ ದಾಟಿದ ಮರುದಿನ ಹುಡುಗರಿಗೆಲ್ಲ ಬಾಯಾರಿ ನಾಲಿಗೆ ಊದಿಕೊಂಡಿತ್ತು. ಎದುರಿನ ಬಯಲಿನಾಚೆ ನೀರು ನಿಂತಿರುವುದು ಕಾಣುತ್ತಿತ್ತು. ಸುತ್ತು ಹಾಕಿ ಹೋದರೆ ಅರ್ಧ ದಿನ. ನೇರ ಹೋಗೋಣ ಎಂದು ನತಂಗ್ವೆ ಹೇಳಿದ, ಹೋಗು ಎಂದು ತೊಯ್ನಿ ಒಪ್ಪಿದಳು. ಅವನು ಮೊದಲು ದಾಟಿದ. ನೀರಿನ ದಡದಲ್ಲಿ ನಿಂತು, ದಾರಿ ಚೆನ್ನಾಗಿದೆ ಬನ್ನಿ ಎಂದು ಕೈ ಬೀಸಿ ಕರೆದ. ನೆಲಾಗೊ ಮತ್ತೆ ಮೂವರು ನೀರು ಕಂಡ ಸಂತೋಷಕ್ಕೆ ಓಡಿದರು. ನೆಲದೊಳಗೆ ಬಾಂಬು ಹೂತಿಟ್ಟಿದ್ದರು. ಅವನ ಕಾಲಿಗೆ ಸಿಗದ್ದು ಅವರ ಕಾಲಿಗೆ ಸಿಕ್ಕಿತು.

ಹಿಲ್ಯಾ ಅವಳ ಮುಖ ಹಿಡಿದಿದ್ದ ಕೈಗಳನ್ನು ಕೆಳಗಿಳಿಸಿದಳು. "ಬಂದೂಕು ಹಿಡಿದು ಸತ್ಲು ಅಂತ ಔನೆಗೆ ಹೇಳಿದ್ದು ನೀನೇ ಅಲ್ವಾ?"

"ಚರ್ಚಿಗೆ ಹಾಕ್ಕೊಂಡಿದ್ದ ಬಿಳಿ ಅಂಗೀಲೇ ಸತ್ಲು ಮೆಮೆ. ಬಂದೂಕು ಕಣ್ಣಲ್ಲೂ ನೋಡಿರ್ಲಿಲ್ಲ. ಅದನ್ನ ಆ ತಾಯಿಗೆ ಹೇಗೆ ಹೇಳ್ಲಿ? ನತಂಗ್ವೆ ಕ್ಯಾಂಪಿಗೂ ಬರ್ಲಿಲ್ಲ, ಹೋರಾಟಕ್ಕೂ ಬರ್ಲಿಲ್ಲ. ಅಂಗೋಲಾದಲ್ಲೇ ಉಳ್ಕೊಂಡ. ಮೊದಲು ದೂರ ಲುಬಾಂಗೋದಲ್ಲಿದ್ದ. ಈಗ ಒಂಜೀವಾದಲ್ಲಿ ಇಟ್ಟಿಗೆ ಹಾಕ್ತಾನೆ."

"ಒಂಜೀವಾ?" ಹಿಲ್ಯಾಳ ದನಿ ಏರಿತು. "ಗಡಿ ದಾಟಿದ್ರೆ ಬಸ್ಸಲ್ಲಿ ಒಂದು ತಾಸಿನ ದಾರಿ! ಅಲ್ಲಿಗಂಟ ಬಂದೋನಿಗೆ ಇಲ್ಲಿಗೆ ಬರೋಕೆ ಆಗ್ಲಿಲ್ವಾ?"

"ಬಂದ್ರೆ ಔನೆ ಕೇಳ್ತಾಳೆ ಅಂತ ಹೆದರ್ತಾನೆ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ."

"ನಿಂಗೆ ಚೆನ್ನಾಗಿ ಬರುತ್ತಲ್ಲ," ಎಂದಳು ಹಿಲ್ಯಾ. ತೊಯ್ನಿ ತಲೆ ತಗ್ಗಿಸಿದಳು. ಅವಳು ಯಾಕೆ ಮರೂಲಾ ಕಾಲಕ್ಕೇ ಬರುತ್ತಿದ್ದಳು ಎನ್ನುವುದು ಹಿಲ್ಯಾಗೆ ಆಗ ಪೂರ್ತಿ ಗೊತ್ತಾಯಿತು. ಊರು ಹೇಳುತ್ತಿದ್ದ ಕಾರಣ ಅರ್ಧ ಸರಿಯೇ ಇತ್ತು. ಹೆದರಿಕೆ ಮಾತ್ರ ನಲ್ಲಿಯದಾಗಿರಲಿಲ್ಲ.

"ಅವನನ್ನ ಈಗ ಕರ್ಕೊಂಡು ಬಾ. ಈ ಕಾಲದಲ್ಲಿ ಔನೆ ಆದ್ರೂ ಕೇಳೋ ಹಾಗಿಲ್ಲ, ದೇವರಾದ್ರೂ ಕೇಳೋ ಹಾಗಿಲ್ಲ. ನಾನು ನನ್ನ ಮಗನ ಮುಖ ನೋಡ್ಬೇಕು."

ಆ ವಾರವೇ ಅವನು ಬಂದ. ಮಂತ್ರಿಯ ಕಾರಿನಿಂದ ಇಳಿದವನ ತಲೆ ಅರ್ಧ ನೆರೆತಿತ್ತು, ಅಂಗೈ ಇಟ್ಟಿಗೆಯ ಹಾಗೆ ಒರಟಾಗಿತ್ತು. ತನ್ನದೇ ಮನೆಯಾದರೂ ಒಳಗೆ ನುಗ್ಗದೆ, ಪರಸ್ಥಳದವರಂತೆ ಬೇಲಿಯ ಬಾಗಿಲಲ್ಲಿ ಕುಳಿತು ಕರೆಗಾಗಿ ಕಾದ. ದಾರಿಯಲ್ಲಿ ಹೋಗುವ ಮೇಕೆಯನ್ನೂ ಬಿಡದವಳು ಮಗನನ್ನು ಏನನ್ನೂ ಕೇಳಲಿಲ್ಲ. "ಒಳಗೆ ಬಾ, ಊಟ ಆರುತ್ತೆ," ಎಂದಳು. ಅವನು ಎಣ್ಣೆ ಸುರಿದ ಕೋಳಿಯನ್ನು ತಲೆಯೆತ್ತದೆ ತಿಂದ. ಅವಳು ಅವನ ತಟ್ಟೆಯನ್ನೂ, ಕಿವಿಯನ್ನೂ, ಬೆರಳುಗಳನ್ನೂ ನೋಡುತ್ತಾ ಕುಳಿತಳು, ಎಷ್ಟು ನೋಡಿದರೂ ಸಾಲದು.

ಫಿಲೆಮೊನ್ ಬಂದು ಅಳಿಯನ ಮೈಯನ್ನು ಮುಟ್ಟಿ ಮುಟ್ಟಿ ನೋಡಿದ. "ಅಯ್ಯೋ ಮಾರಾಯ, ನಿನ್ನ ಕಾರ್ಯಕ್ಕೆ ಅಂತ ಒಂದು ಎತ್ತು ನೋಡಿಟ್ಟಿದ್ದೆ. ಅದರ ಆಯುಷ್ಯ ಗಟ್ಟಿ ಇತ್ತು ನೋಡು!" ಎಂದು ನಗುತ್ತಲೇ ಕಣ್ಣೊರೆಸಿಕೊಂಡ.

ಮರುದಿನ ಹೆಂಗಸರು ಹಣ್ಣು ಹಿಂಡಲು ಬಂದರು, ಔನೆಯೂ ಬಂದಳು. ನತಂಗ್ವೆಯನ್ನು ಕಂಡವಳೇ ಕೈಯಲ್ಲಿದ್ದ ಕೊಂಬನ್ನು ಕೆಳಗಿಟ್ಟಳು. ತನ್ನ ಮಗಳ ಜೊತೆ ಹೋದವನು ಜೀವಂತ ಕುಳಿತಿದ್ದಾನೆ. ಏನಾಯಿತೆಂದು ಅವನಿಗಲ್ಲದೆ ಇನ್ನು ಯಾರಿಗೆ ಗೊತ್ತಿರಬೇಕು? ಔನೆ ಮಡಕೆಯಿಂದ ಬುರುಡೆ ತುಂಬಿಕೊಂಡು ಬಂದು, ಪದ್ಧತಿಯಂತೆ ಮಂಡಿಯೂರಿ ಅವನಿಗೆ ಕೊಟ್ಟಳು.

"ಕುಡಿ ಮಗನೇ. ಈಗ ನಾನು ಏನೂ ಕೇಳಲ್ಲ. ಕೊನೇ ಮಡಕೆ ಬರಿದಾದ ಮೇಲೆ ನಮ್ಮನೆ ಬಾಗಿಲಿಗೆ ಬಾ. ನಂಗೆ ಕೇಳೋದಿದೆ."

ನತಂಗ್ವೆ ಎರಡೂ ಕೈಯಿಂದ ಬುರುಡೆ ತೆಗೆದುಕೊಂಡ. ಕೊನೆಯ ತೊಟ್ಟಿನವರೆಗೂ ಕುಡಿದ.

ಅಂದಿನಿಂದ ಹಿಲ್ಯಾಗೆ ಹೊಸ ಚಿಂತೆ ಹತ್ತಿತು. ಮಡಕೆ ಬರಿದಾದ ದಿನ ಅವನು ಗಡಿಯಾಚೆ ಓಡಿಹೋದರೆ? ಇನ್ನು ಈ ಜನ್ಮದಲ್ಲಿ ಬರುವುದಿಲ್ಲ. ಓಡದೆ ಉಳಿದು ನಿಜ ಹೇಳಿದರೆ? ವರ್ಷಗಟ್ಟಲೆ ಒಂದೇ ಕಣಜಕ್ಕೆ ತಲೆ ತೂರಿಸಿದ ಗೆಳತಿ ತನ್ನ ಮಗನನ್ನು ಶಪಿಸುವುದನ್ನು ಅವಳು ಕೇಳಬೇಕು. ಎರಡೂ ಬೇಡವಾದರೆ ಉಳಿದ ದಾರಿ ಒಂದೇ, ಮಡಕೆ ಬರಿದಾಗಬಾರದು. ಹಿಲ್ಯಾ ಬೆಳಗಾಗುವ ಮೊದಲೇ ಎದ್ದು ಮರದಡಿ ಕೊನೆಯ ಹಣ್ಣುಗಳನ್ನು ಹುಡುಕಿದಳು. ಮೇಕೆ ಮೂಸಿ ಬಿಟ್ಟದ್ದನ್ನೂ ಆರಿಸಿದಳು. ಬೇರೆಯವರ ಮರದಡಿಯಲ್ಲಿ ಬೇಡಿ ತಂದಳು. ಒಬ್ಬಳೇ ಕುಳಿತು ಕೈಬೆರಳು ಸುಲಿಯುವವರೆಗೂ ಹಿಂಡಿದಳು. ಊರಿನ ಉಳಿದ ಮನೆಗಳಲ್ಲಿ ಮಡಕೆ ಒಣಗಿ ಕವುಚಿದರೂ ಅವಳ ಮನೆಯಲ್ಲಿ ಒಮಗೊಂಗೊ ಮುಗಿಯಲಿಲ್ಲ.

"ಈ ಮುದುಕಿ ಮುಂದಿನ ವರ್ಷದ ಮರೂಲಾವನ್ನೂ ಈಗಲೇ ಹಿಂಡ್ತಾಳೇನೋ," ಎಂದು ಗಂಡಸರು ನಗುತ್ತಾ ಬಂದು ಕುಡಿದು ಹೋಗುತ್ತಿದ್ದರು. ಔನೆ ಮಾತ್ರ ನಗುತ್ತಿರಲಿಲ್ಲ. ಪ್ರತಿ ಸಂಜೆ ತನ್ನ ಹೊಲದ ಅಂಚಿಗೆ ಬಂದು ನಿಂತು, ಇತ್ತ ಕಡೆ ನೋಡಿ, ಹೊರಟುಹೋಗುತ್ತಿದ್ದಳು.

ಅಷ್ಟರಲ್ಲಿ ರೇಡಿಯೊದಲ್ಲಿ ಹೊಸ ಮಂತ್ರಿಮಂಡಲದ ಹೆಸರುಗಳನ್ನು ಓದಿದರು. ಅದರಲ್ಲಿ ತೊಯ್ನಿ ಇರಲಿಲ್ಲ. ಅವಳು ಬಾಡಿಗೆಯ ಪಿಕಪ್ಪಿನ ಹಿಂದೆ ಮೇಕೆಗಳ ಜೊತೆ ಕುಳಿತು, ಧೂಳಾಗಿ ಬಂದಿಳಿದಳು. "ಗಡಿ ಸಂಜೆಗೆ ಮುಚ್ಚುತ್ತೆ ನತಂಗ್ವೆ. ಬರ್ತೀಯಾ?" ಎಂದು ಬಾಗಿಲಿಂದಲೇ ಕೇಳಿದಳು.

ಹಿಲ್ಯಾ ಮಡಕೆಯ ಪಕ್ಕದಲ್ಲಿ ಹಣ್ಣು ಹಿಂಡುತ್ತಿದ್ದಳು. ಅದರ ತಳದಲ್ಲಿ ಇನ್ನೂ ಎರಡು ಬುರುಡೆಯಷ್ಟಿತ್ತು. ನತಂಗ್ವೆ ಬಂದು ಅವಳ ಕೈಯಿಂದ ಹಣ್ಣನ್ನು ಬಿಡಿಸಿ, ಸುಲಿದ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ.

"ಮೆಮೆ, ಸಾಕು."

"ಇನ್ನೂ ಇದೆ ಮಗನೇ. ನೋಡು, ಇನ್ನೂ ಇದೆ!"

ಅವನು ಮಡಕೆಯನ್ನು ಎತ್ತಿ ಹೊರಗೆ ತಂದು, ಉಳಿದದ್ದನ್ನೆಲ್ಲ ಮರದ ಬುಡಕ್ಕೆ ಸುರಿದು, ಮಡಕೆಯನ್ನು ನೆಲದ ಮೇಲೆ ಕವುಚಿಟ್ಟ. "ನೀನು ಹೊರಡು," ಎಂದು ತೊಯ್ನಿಗೆ ಹೇಳಿ ಹೊಲ ದಾಟಿ ಔನೆಯ ಮನೆಯ ಕಡೆ ನಡೆದ. ತೊಯ್ನಿ ಪಿಕಪ್ಪನ್ನು ನೋಡಿದಳು, ನಡೆಯುತ್ತಿದ್ದವನ ಬೆನ್ನನ್ನು ನೋಡಿದಳು. ಆಮೇಲೆ ಚಪ್ಪಲಿ ಕಳಚಿಟ್ಟು ಅವನ ಹಿಂದೆಯೇ ನಡೆದಳು.

ಹಿಲ್ಯಾ ಹೊಲದ ಅಂಚಿನವರೆಗೆ ಹೋದಳು. ಹೊಲದೊಳಗೆ ಕಾಲಿಡಲಿಲ್ಲ. ಅವರಿಬ್ಬರೂ ಔನೆಯ ಬೇಲಿಯ ಬಾಗಿಲಲ್ಲಿ ನೆಲದ ಮೇಲೆ ಕುಳಿತದ್ದು ಅಲ್ಲಿಂದ ಕಾಣುತ್ತಿತ್ತು.

"ಯಾರದು?" ಔನೆಯ ದನಿ ಒಳಗಿನಿಂದ ಬಂತು.

"ನತಂಗ್ವೆ. ಹಿಲ್ಯಾನ ಮಗ."

"ಜೊತೇಲಿ ಯಾರು?"

"ತೊಯ್ನಿ," ಎಂದಳು ಅವಳು, ಅಷ್ಟೇ.

ಔನೆ ಹೊರಗೆ ಬಂದು ಅವರನ್ನು ನಿಂತು ನೋಡಿದಳು. "ಒಳಗೆ ಬನ್ನಿ. ನೀರು ಕೊಡ್ತೀನಿ, ಕುಡಿದು ಆಮೇಲೆ ಹೇಳಿ," ಎಂದಳು. ಮೂವರೂ ಕಂಬಗಳ ನಡುವೆ ಮರೆಯಾದರು.

ಹಿಲ್ಯಾ ಅಲ್ಲೇ ಮಣ್ಣಿನ ಮೇಲೆ ಕುಳಿತಳು. ಒಳಗೆ ಏನು ಮಾತಾಗುತ್ತಿದೆ ಎಂದು ತಿಳಿಯುವ ಆಸೆಯೇ ಅವಳಿಗಿರಲಿಲ್ಲ. ಮಗ ಆ ಬಾಗಿಲಿಂದ ಹೊರಗೆ ಬಂದರೆ ಸಾಕಾಗಿತ್ತು. ಹೊತ್ತು ಇಳಿಯಿತು. ಪಿಕಪ್ಪಿನವನು ಎರಡು ಸಲ ಹಾರನ್ ಹೊಡೆದು, ಬೈದುಕೊಂಡು, ಹೊರಟುಹೋದ. ಆಮೇಲೆ ಔನೆಯ ಮನೆಯೊಳಗಿಂದ ಒಂದು ಚೀರು ಕೇಳಿತು, ಹಸಿ ಗಾಯ ಕಿತ್ತಂಥ ಚೀರು. ಹಿಲ್ಯಾ ಎರಡೂ ಕಿವಿ ಮುಚ್ಚಿಕೊಂಡಳು. ಮುಚ್ಚಿಕೊಂಡರೂ ಕೇಳುತ್ತಿತ್ತು. ಅದು ನಿಂತ ಮೇಲೂ ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ.

ಕೊನೆಗೆ ಬೇಲಿಯ ಬಾಗಿಲಲ್ಲಿ ಔನೆ ಕಾಣಿಸಿಕೊಂಡಳು. ತಲೆಯ ಬಟ್ಟೆ ಜಾರಿತ್ತು. ಒಂದು ಕೈಯಿಂದ ಕಂಬ ಹಿಡಿದು ನಿಂತು, ಹೊಲದ ಆಚೆ ಕುಳಿತವಳನ್ನು ಹುಡುಕಿ ನೋಡಿದಳು.

"ಹಿಲ್ಯಾ! ಅಲ್ಲೇನ್ ಮಾಡ್ತಿದ್ಯೇ ಕೂತ್ಕೊಂಡು?" ಎಂದು ಕೂಗಿದಳು. "ಬಾ ಇಲ್ಲಿ. ಈ ಮಕ್ಕಳಿಬ್ಬರೂ ನಿಲ್ಲಿಸ್ದೆ ಅಳ್ತಿದ್ದಾರೆ. ಸಮಾಧಾನ ಮಾಡೋಕೆ ನನ್ನೊಬ್ಬಳ ಕೈಲಿ ಆಗಲ್ಲ."

ಹಿಲ್ಯಾ ಎದ್ದು ಹೊಲ ದಾಟಿ ಓಡಿದಳು.